ಸುತ್ತೋಲೆ ತಂದ ಹೊಟ್ಟೆನೋವು

ನನ್ನ ಭಾವನಿಗೆ ಕೆಲಸಕ್ಕೆ ಸೇರಿದ ಇಪ್ಪತ್ತೆರಡು ವರ್ಷಗಳಲ್ಲಿ ಒಂದು ದಿನವೂ ಕಾಯಿಲೆ ಬಂದದ್ದಿಲ್ಲ. ಜ್ವರವಿಲ್ಲ, ನೆಗಡಿಯಿಲ್ಲ, ಹಲ್ಲುನೋವು ಕೂಡ ಇಲ್ಲ. ಇದು ಹೆಮ್ಮೆಯ ಸಂಗತಿ ಎಂದು ನಾವೆಲ್ಲ ತಿಳಿದಿದ್ದೆವು. ಭಾವನೂ ಹಾಗೇ ತಿಳಿದು ಎದೆ ಉಬ್ಬಿಸಿಕೊಂಡು ಓಡಾಡುತ್ತಿದ್ದರು. ಆ ತಿಂಗಳ ಎಂಟನೆಯ ತಾರೀಖು ಒಂದು ಸುತ್ತೋಲೆ ಬಂತು ನೋಡಿ, ತಮ್ಮ ಆರೋಗ್ಯವೆಂಬುದು ಒಂದು ದೊಡ್ಡ ನಷ್ಟವೆಂದು ಅವರಿಗೆ ಅಂದೇ ಹೊಳೆಯಿತು.

ಭಾವ ಬೀಗದ ಕಾರ್ಖಾನೆಯಲ್ಲಿ ತಪಾಸಣೆ ಮೇಜಿನವರು. ಪ್ರತಿ ಬೀಗವನ್ನೂ ಮೂರು ಸಲ ಹಾಕಿ, ಮೂರು ಸಲ ತೆಗೆದು, ಕೊನೆಗೊಮ್ಮೆ ಜಗ್ಗಿ ನೋಡಿ ಪೆಟ್ಟಿಗೆಗೆ ಹಾಕುವುದು ಅವರ ಕೆಲಸ. ಇದಲ್ಲದೆ, ಯಾರೂ ಕೊಡದಿದ್ದರೂ ಅವರೇ ವಹಿಸಿಕೊಂಡ ಇನ್ನೊಂದು ಹುದ್ದೆಯಿದೆ. ಆಡಳಿತ ಕಚೇರಿಯಿಂದ ಬರುವ ಸುತ್ತೋಲೆಗಳಿಗೆ ಅರ್ಥ ಹೇಳುವುದು. ಜೊತೆಯವರು ಅವರನ್ನು ಸುತ್ತೋಲೆ ಪಂಡಿತರು ಎಂದೇ ಕರೆಯುತ್ತಾರೆ. ಪಂಡಿತರು ಓದುವ ಕ್ರಮ ಬಹಳ ಸರಳ. ಮೊದಲನೆಯ ಪುಟವನ್ನು ಗಟ್ಟಿಯಾಗಿ ಓದುತ್ತಾರೆ. ಎರಡನೆಯ ಪುಟದಲ್ಲಿ ಏನಿರಬಹುದೆಂದು ಊಹಿಸಿ ಹೇಳುತ್ತಾರೆ. ಹೀಗಾಗಿ ಅವರಿಗೆ ಗೊತ್ತಿಲ್ಲದ ನಿಯಮವೇ ಇಲ್ಲ.

ಎಂಟನೆಯ ತಾರೀಖಿನ ಸುತ್ತೋಲೆಯ ಮೊದಲ ಪುಟ ಹೇಳಿದ್ದಿಷ್ಟು. ಬರುವ ತಿಂಗಳ ಒಂದರಿಂದ ಕಾರ್ಖಾನೆಯ ಆಸ್ಪತ್ರೆಯಲ್ಲಿ ನೌಕರರ ತಂದೆತಾಯಿಗಳಿಗೆ ಚಿಕಿತ್ಸೆ ಇಲ್ಲ. ನೌಕರರಿಗೆ ಇದೆ, ಆದರೆ ಅರ್ಧ ಖರ್ಚು ಅವರದೇ. ಉಳಿತಾಯದ ದೃಷ್ಟಿಯಿಂದ ಈ ಕ್ರಮ.

ಒಂಬತ್ತನೆಯ ತಾರೀಖಿನ ಬೆಳಿಗ್ಗೆ ಇಡೀ ಕಾರ್ಖಾನೆಯ ಆರೋಗ್ಯ ಕೆಟ್ಟಿತು.

ನನ್ನ ಸೈಕಲ್ ರಿಪೇರಿ ಅಂಗಡಿ ಇರುವುದು ಕಾರ್ಖಾನೆಯ ಗೇಟಿನ ಎದುರಿಗೇ. ಅಷ್ಟು ವರ್ಷ ಬಲಕ್ಕೆ ತಿರುಗಿ ಗೇಟಿನೊಳಗೆ ಹೋಗುತ್ತಿದ್ದ ಸೈಕಲ್‌ಗಳು ಅಂದು ಸಾಲಾಗಿ ಎಡಕ್ಕೆ ತಿರುಗಿ ಆಸ್ಪತ್ರೆಯ ಕಡೆ ಹೋದುವು. ಹತ್ತು ವರ್ಷದಿಂದ ಕುಂಟುತ್ತಿದ್ದರೂ ಅದೇ ತನ್ನ ನಡಿಗೆ ಎನ್ನುತ್ತಿದ್ದ ವೆಲ್ಡರನಿಗೆ ಮಂಡಿ ಇದೆಯೆಂದು ಜ್ಞಾಪಕ ಬಂತು. ಪಾಲಿಶ್ ವಿಭಾಗದವರು ಇಬ್ಬಿಬ್ಬರಾಗಿ ಹೋಗಿ ಹಲ್ಲು ಕೀಳಿಸಿಕೊಂಡು ಬಂದರು. ಕಣ್ಣು ಚೆನ್ನಾಗಿದ್ದವರು ಕನ್ನಡಕ ಹಾಕಿಸಿಕೊಂಡು ಮೆಟ್ಟಿಲು ಎಡವಿದರು, ಎಡವಿದ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡರು. ಮೂರು ವರ್ಷಕ್ಕೆಂದು ತರಿಸಿಟ್ಟಿದ್ದ ಔಷಧಿ ಎರಡು ವಾರದಲ್ಲಿ ಖಾಲಿಯಾಯಿತೆಂದು ಆಸ್ಪತ್ರೆಯ ಸಾಮಾನು ಸಾಗಿಸುವ ಗಾಡಿಯವನೇ ನನ್ನ ಅಂಗಡಿಯಲ್ಲಿ ಗಾಳಿ ತುಂಬಿಸಿಕೊಳ್ಳುತ್ತ ಹೇಳಿದ. ಉಳಿತಾಯ ಅಷ್ಟು ಭರದಿಂದ ಶುರುವಾಗಿತ್ತು.

ನಮ್ಮ ಮನೆಯಲ್ಲಿ ಮಾತ್ರ ಯಾರಿಗೂ ಆತಂಕವಿರಲಿಲ್ಲ. ನಮ್ಮ ಮನೆ ಎಂದರೆ ಅಕ್ಕನ ಮನೆ. ನಾನೂ ನನ್ನ ಹೆಂಡತಿಯೂ ಇರುವುದು ಪಕ್ಕದ ಬಾಗಿಲಲ್ಲಿ, ಊಟ ಎಲ್ಲರದೂ ಅಲ್ಲೇ. ಅಕ್ಕನ ಅತ್ತೆಯನ್ನು ನಾನೂ ಅತ್ತೆ ಎಂದೇ ಕರೆಯುತ್ತೇನೆ. ಅತ್ತೆ ಮನೆಯಲ್ಲೇ ಹೊಲಿಗೆ ಮಾಡುವವರು. ಕಾಜಾ ಹಾಕುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಎರಡು ವರ್ಷದಿಂದ ಕಣ್ಣಿಗೆ ಪೊರೆ ಬಂದು, ಒಂದು ಕಣ್ಣು ಪೂರ್ತಿ ಮುಚ್ಚಿ, ಇನ್ನೊಂದು ಅರ್ಧ ಮುಚ್ಚಿತ್ತು. ಆದರೂ ಮೆಷಿನ್ ಬಿಟ್ಟಿರಲಿಲ್ಲ. ಅಂಚೆಯವನ ಅಂಗಿಗೆ ಎರಡೂ ಎಡಗೈ ತೋಳನ್ನೇ ಹಚ್ಚಿಕೊಟ್ಟಿದ್ದರು. ಅವನು ಅವರ ಮನಸ್ಸು ನೋಯಿಸಲಾರದೆ ಅದನ್ನೇ ಹಾಕಿಕೊಂಡು ಕಾಗದ ಹಂಚುತ್ತಿದ್ದ. ಆಮೇಲೆ ಯಾರೂ ಬಟ್ಟೆ ತರಲಿಲ್ಲ. ಅತ್ತೆ ಖಾಲಿ ಮೆಷಿನ್ನಿನ ಮುಂದೆ ಕೂತು ದಾರವನ್ನು ಬೆರಳಿನಲ್ಲಿ ಹೊಸೆಯುವುದನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು.

ಆದರೆ ಕಣ್ಣಿನ ಆಪರೇಷನ್ನಿಗೆ ಮೂರು ತಿಂಗಳ ಹಿಂದೆಯೇ ದಿನ ಗೊತ್ತಾಗಿತ್ತು. ಈ ತಿಂಗಳ ಇಪ್ಪತ್ತೊಂಬತ್ತು. ನಿಯಮ ಬದಲಾಗುವುದಕ್ಕೆ ಮುಂಚೆಯೇ ಮುಗಿದುಹೋಗುತ್ತದೆ. ಆ ದಿನ ತಪ್ಪಿದರೆ ಹೊರಗಿನ ಆಸ್ಪತ್ರೆಯೇ ಗತಿ. ಅಲ್ಲಿಯ ಖರ್ಚು ಕೇಳಿ ಬಂದ ಅಕ್ಕ ಎರಡು ಲೋಟ ನೀರು ಕುಡಿದಿದ್ದಳು.

ಎಲ್ಲವೂ ಸುಗಮವಾಗಿ ನಡೆಯುತ್ತಿತ್ತು. ಕೆಡಿಸಿದವರು ಉಗ್ರಾಣದವರು. ಭಾವನ ಪಕ್ಕದಲ್ಲಿ ಕೂತು ಊಟ ಮಾಡುವ, ಕಾರ್ಖಾನೆಯ ಉಗ್ರಾಣ ನೋಡಿಕೊಳ್ಳುವ ಮನುಷ್ಯ.

"ಏನ್ ಪಂಡಿತ್ರೇ, ಇಪ್ಪತ್ತೆರಡು ವರ್ಷದಲ್ಲಿ ಆಸ್ಪತ್ರೆ ಹಾಸಿಗೆ ಮೇಲೆ ಒಂದಿನನೂ ಮಲಗಿಲ್ವಂತೆ?"

"ಇಲ್ಲ. ದೇವರು ಚೆನ್ನಾಗಿಟ್ಟಿದ್ದಾನೆ."

"ದೇವರು ಇಟ್ಟಿದ್ದಾನೆ, ಕಂಪನಿ ಉಳಿಸ್ಕೊಂಡಿದೆ. ಬಿಟ್ಟಿ ಹಾಸಿಗೆ, ಬಿಟ್ಟಿ ಊಟ, ಸಂಬಳದ ರಜೆ. ಒಂದನೇ ತಾರೀಖಿಂದ ಎಲ್ಲಾ ಹೋಯ್ತು. ಸುತ್ತೋಲೆ ಓದಿ ಹೇಳಿದ್ದು ನೀವು, ಉಪಯೋಗ ಮಾಡ್ಕೊಂಡಿದ್ದು ನಾವು. ನಾನಂತೂ ನಾಳೆ ಸೊಂಟನೋವು ಅಂತ ಸೇರ್ಕೋತಿದೀನಿ."

ಈ ಮಾತು ಭಾವನ ತಲೆಯಲ್ಲಿ ಹುಳದಂತೆ ಹೊಕ್ಕಿತು. ಅಂದು ಸಂಜೆ ಅವರು ಮನೆಗೆ ಬಂದು ಕಾಫಿ ಬೇಡವೆಂದರು. ಕಾಫಿ ಬೇಡವೆಂದದ್ದೇ ಅಕ್ಕನಿಗೆ ಗಾಬರಿ ತಂದಿತು.

"ಏನಾಯ್ತುರೀ?"

"ಏನೂ ಆಗಿಲ್ಲ. ಅದೇ ತೊಂದ್ರೆ," ಎಂದರು ಭಾವ. ಆಮೇಲೆ ವಿಷಯ ಬಿಚ್ಚಿದರು. ತಾವು ಇಪ್ಪತ್ನಾಲ್ಕನೆಯ ತಾರೀಖು ಹೊಟ್ಟೆನೋವಿಗೆ ಆಸ್ಪತ್ರೆ ಸೇರುವುದಾಗಿ ನಿರ್ಧರಿಸಿದ್ದಾರೆ.

"ಹೊಟ್ಟೆನೋವು ಎಲ್ಲಿದೆ?"

"ಇಪ್ಪತ್ನಾಲ್ಕಕ್ಕೆ ಬರುತ್ತೆ."

ಅಕ್ಕ ಸಂಸಾರ ಕಂಡವಳು. ನೇರ ವಿಷಯಕ್ಕೇ ಬಂದಳು. "ಮನೆಯವರಿಗೆಲ್ಲ ಸೇರಿ ಇರೋ ಆಸ್ಪತ್ರೆ ಕಾರ್ಡಿಗೆ ವರ್ಷಕ್ಕೆ ಒಂದೇ ಸಲ ದಾಖಲು ಅಲ್ವೇನ್ರೀ? ಆ ಕಾರ್ಡು ಅಮ್ಮನ ಕಣ್ಣಿಗೆ ಬೇಕಲ್ಲ?"

ಭಾವ ಕರುಣೆಯಿಂದ ನಕ್ಕರು. "ನೋಡು, ಕಣ್ಣಿನ ಆಪರೇಷನ್ ದಾಖಲು ಅಲ್ಲ. ಬೆಳಿಗ್ಗೆ ಹೋಗಿ ಸಂಜೆ ಬರೋದು. ರಾತ್ರಿ ಮಲಗಿದ್ರೆ ಮಾತ್ರ ದಾಖಲು. ಸುತ್ತೋಲೆ ಎರಡನೇ ಪುಟದಲ್ಲಿ ಸ್ಪಷ್ಟವಾಗಿದೆ."

"ಓದಿದ್ರಾ?"

"ಓದೋದೇನು, ಎಲ್ರಿಗೂ ಗೊತ್ತಿರೋದೇ."

ಇಪ್ಪತ್ನಾಲ್ಕನೆಯ ತಾರೀಖು ಹೇಳಿದ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು ಬಂತು. ನಾನೇ ಸೈಕಲ್ ಹಿಂದೆ ಕೂರಿಸಿಕೊಂಡು ಹೋದೆ. ದಾರಿಯುದ್ದಕ್ಕೂ ಭಾವ ನರಳುವುದನ್ನು ಅಭ್ಯಾಸ ಮಾಡಿದರು. ಎರಡು ಮೂರು ಬಗೆ ಮಾಡಿ ತೋರಿಸಿ ಯಾವುದು ಚೆನ್ನಾಗಿದೆ ಎಂದು ನನ್ನನ್ನು ಕೇಳಿದರು. ನಾನು ಮಧ್ಯದ್ದು ಆರಿಸಿಕೊಟ್ಟೆ.

ದೊಡ್ಡ ಡಾಕ್ಟರು ಹದಿನೈದು ದಿನದಿಂದ ನಿದ್ದೆಗೆಟ್ಟವರು. ಕಣ್ಣು ಕೆಂಪಾಗಿತ್ತು.

"ಎಲ್ಲಿ ನೋವು?"

ಉಗ್ರಾಣದವರು ಹೇಳಿಕೊಟ್ಟಿದ್ದರು, ಒಂದೇ ಜಾಗ ತೋರಿಸಬೇಡಿ, ಒತ್ತಿ ನೋಡಿದರೆ ಗೊತ್ತಾಗಿಬಿಡುತ್ತದೆ ಎಂದು. ಭಾವ, "ಓಡಾಡುತ್ತೆ ಡಾಕ್ಟ್ರೇ," ಎಂದರು.

ಡಾಕ್ಟರ ಕಣ್ಣು ಅರಳಿತು. ಹದಿನೈದು ದಿನ ಬರೀ ಮಂಡಿ, ಹಲ್ಲು, ಸೊಂಟ ನೋಡಿ ಬೇಸತ್ತಿದ್ದ ಆ ಮನುಷ್ಯನಿಗೆ ಇಂಥದ್ದೊಂದು ಬೇಕಾಗಿತ್ತು.

"ಓಡಾಡುತ್ತಾ? ಎಲ್ಲಿಂದ ಎಲ್ಲಿಗೆ?"

"ಬೆಳಿಗ್ಗೆ ಇಲ್ಲಿರುತ್ತೆ. ಊಟದ ಹೊತ್ತಿಗೆ ಇಲ್ಲಿ ಬರುತ್ತೆ. ಭಾನುವಾರ ಇರಲ್ಲ."

"ಭಾನುವಾರ ಇರಲ್ಲ!" ಎಂದು ಡಾಕ್ಟರು ಮೆಲ್ಲಗೆ, ಭಕ್ತಿಯಿಂದ ಹೇಳಿಕೊಂಡು ಬರೆದುಕೊಂಡರು. "ತಕ್ಷಣ ದಾಖಲು ಮಾಡಿ."

ಕೌಂಟರಿನ ಮೇಡಂ ಕಾರ್ಡಿನ ಮೇಲೆ ಠಪ್ಪನೆ ಮೊಹರು ಒತ್ತಿದರು. ಹನ್ನೊಂದು ಗಂಟೆ.

ಎರಡು ದಿನ ಭಾವನಿಗೆ ಸ್ವರ್ಗಸುಖ. ಕಿಟಕಿ ಪಕ್ಕದ ಹಾಸಿಗೆ, ಆಚೆ ಹಾಸಿಗೆಯಲ್ಲಿ ಸೊಂಟನೋವಿನ ಉಗ್ರಾಣದವರು, ಈಚೆ ಹಾಸಿಗೆಯಲ್ಲಿ ಮಂಡಿಯ ವೆಲ್ಡರ್. ತಪಾಸಣೆ ವಿಭಾಗದವರೆಲ್ಲ ಅಲ್ಲೇ ಇದ್ದುದರಿಂದ ಕಾರ್ಖಾನೆಯಲ್ಲಿ ಬೀಗಗಳನ್ನು ಯಾರೂ ಜಗ್ಗಿ ನೋಡುತ್ತಿರಲಿಲ್ಲ. ಬೀದಿಯವರು ಹಣ್ಣು ಹಿಡಿದುಕೊಂಡು ನೋಡಲು ಬಂದರು. ಭಾವ ತಮ್ಮ ನೋವಿನ ಸಂಚಾರವನ್ನು ಬೆರಳಿನಿಂದ ತೋರಿಸಿ ವಿವರಿಸಿದರು. ಕೇಳಿದವರಲ್ಲಿ ಇಬ್ಬರಿಗೆ ಮನೆಗೆ ಹೋಗುವಷ್ಟರಲ್ಲಿ ಅದೇ ನೋವು ಬಂದಿತ್ತು.

ಇಪ್ಪತ್ತಾರರ ಸಂಜೆ ನಾಲ್ಕಕ್ಕೆ ನಾನೂ ಅಕ್ಕನೂ ಅತ್ತೆಯ ಕೈ ಹಿಡಿದುಕೊಂಡು ಆಪರೇಷನ್ನಿಗೆ ಮುಂಚಿನ ಪರೀಕ್ಷೆಗೆ ಹೋದೆವು. ಕೌಂಟರಿನ ಮೇಡಂ ಕಾರ್ಡು ತಿರುಗಿಸಿ ನೋಡಿದರು.

"ಇದರಲ್ಲಿ ಈ ವರ್ಷದ ಮೊಹರು ಬಿದ್ದಿದೆಯಲ್ಲಮ್ಮ."

"ಅದು ಅವರದು, ಹೊಟ್ಟೆನೋವು. ಇದು ಕಣ್ಣು. ಬೆಳಿಗ್ಗೆ ಬಂದು ಸಂಜೆ ಹೋಗೋದು," ಎಂದಳು ಅಕ್ಕ.

"ಕತ್ತರಿ ಮುಟ್ಟಿದ್ರೆ ದಾಖಲೇ. ಸುತ್ತೋಲೆ ಎರಡನೇ ಪುಟ, ಮೂರನೇ ಸಾಲು."

ಅತ್ತೆ, "ಏನಂತೆ? ಆಗಲ್ವಂತಾ? ಹೋಗ್ಲಿ ಬಿಡು, ಅರ್ಧ ಕಣ್ಣು ಇದೆಯಲ್ಲ," ಎಂದು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಆ ಹಿಡಿತದಿಂದಲೇ ಅವರಿಗೆ ಎಷ್ಟು ನಿರಾಸೆಯಾಯಿತೆಂದು ನನಗೆ ತಿಳಿಯಿತು.

ಮೇಡಂ ಕೆಟ್ಟವರಲ್ಲ. ಒಂದು ದಾರಿ ಹೇಳಿದರು. ದಾಖಲಾಗಿ ಎಪ್ಪತ್ತೆರಡು ಗಂಟೆಯೊಳಗೆ, ರೋಗಿಗೆ ರೋಗವೇ ಇರಲಿಲ್ಲವೆಂದು ಡಾಕ್ಟರು ಬರೆದುಕೊಟ್ಟರೆ ಮೊಹರು ರದ್ದು. ಅಂದರೆ ನಾಳೆ ಹನ್ನೊಂದರೊಳಗೆ. ಜೊತೆಗೆ ಒಂದು ಷರತ್ತು: ಹಾಗೆ ರದ್ದಾದ ವಿಷಯವನ್ನು ಆಸ್ಪತ್ರೆಯ ಮುಂಬಾಗಿಲಿಗೆ ಏಳು ದಿನ ಅಂಟಿಸಬೇಕು.

ಅಕ್ಕ ವಾರ್ಡಿಗೆ ಹೋದಾಗ ಭಾವ ಕಿತ್ತಳೆಹಣ್ಣು ಸುಲಿಯುತ್ತಿದ್ದರು. ಅವಳು ವಿಷಯವನ್ನು ಮೂರೇ ವಾಕ್ಯದಲ್ಲಿ ಹೇಳಿದಳು. ಬಯ್ಯಲಿಲ್ಲ. ಬೈದಿದ್ದರೆ ಅವರಿಗೆ ಸ್ವಲ್ಪ ಹಗುರವಾಗುತ್ತಿತ್ತೇನೋ. ಭಾವ ಸುಲಿದ ತೊಳೆಯನ್ನು ತಟ್ಟೆಗೆ ವಾಪಸು ಇಟ್ಟರು.

"ಮುಂಬಾಗಿಲಿಗಾ?" ಎಂದರು.

"ಮುಂಬಾಗಿಲಿಗೆ."

"ಏಳು ದಿನ?"

"ಏಳು ದಿನ."

ಇಡೀ ಕಾರ್ಖಾನೆ ದಿನಾ ಹಾಯುವ ಬಾಗಿಲು ಅದು. ಇಪ್ಪತ್ತೆರಡು ವರ್ಷದ ಪಾಂಡಿತ್ಯ ಮಣ್ಣುಪಾಲಾಗುವ ಹೊತ್ತು. ಭಾವ ಹೊರಗೆ ಬೆಂಚಿನ ಮೇಲೆ ಕೂತಿದ್ದ ಅತ್ತೆಯನ್ನು ಬಾಗಿಲಿನಿಂದಲೇ ನೋಡಿದರು. ಅತ್ತೆ ಸೆರಗಿನ ಅಂಚಿನಲ್ಲಿ ಬಿಚ್ಚಿಹೋದ ಹೊಲಿಗೆಯನ್ನು ಬೆರಳಿನಿಂದ ತಡವುತ್ತಿದ್ದರು.

"ಅಂಟಿಸ್ಲಿ," ಎಂದು ಎದ್ದರು ಭಾವ. "ಎಲ್ಲಿ ಡಾಕ್ಟ್ರು?"

ಸುಳ್ಳು ನಂಬಿಸುವುದಕ್ಕೆ ಅವರಿಗೆ ಐದು ನಿಮಿಷ ಸಾಕಾಗಿತ್ತು. ನಿಜ ನಂಬಿಸುವುದು ಅಷ್ಟು ಸುಲಭವಾಗಲಿಲ್ಲ.

"ಡಾಕ್ಟ್ರೇ, ನಂಗೇನೂ ಆಗಿಲ್ಲ. ಕಲ್ಲು ಗುಂಡು ಇದ್ದಂಗೆ ಇದೀನಿ."

"ಇವತ್ತು ಯಾವ ವಾರ?" ಎಂದರು ಡಾಕ್ಟರು.

"ಬುಧವಾರ."

"ಭಾನುವಾರ ಮಾತ್ರ ಹೋಗ್ತಿದ್ದ ನೋವು ಬುಧವಾರವೂ ಹೋಯ್ತಾ? ಬೆಳೀತಾ ಇದೆ," ಎಂದು ಬರೆದುಕೊಂಡರು.

ಭಾವ ಆರೋಗ್ಯ ಪ್ರದರ್ಶನಕ್ಕೆ ನಿಂತರು. ಮೂರು ಮಹಡಿಯ ಮೆಟ್ಟಿಲನ್ನು ಎರಡು ಸಲ ಹತ್ತಿ ಇಳಿದರು. ಡಾಕ್ಟರು ಚೀಟಿಯಲ್ಲಿ 'ಚಡಪಡಿಕೆ' ಎಂದು ಬರೆದರು. ವೆಲ್ಡರನ ಪಾಲಿನ ಊಟವನ್ನೂ ಸೇರಿಸಿ ಉಂಡು ತೋರಿಸಿದರು. 'ಅತಿ ಹಸಿವು' ಎಂದು ಬರೆದರು. ಕೊನೆಗೆ ಭಾವ ಕೈ ಮುಗಿದು, "ನಾನು ಸುಳ್ಳು ಹೇಳ್ದೆ ಡಾಕ್ಟ್ರೇ, ಬಿಟ್ಟಿ ಸಿಗುತ್ತೆ ಅಂತ ಬಂದೆ," ಎಂದು ಒಪ್ಪಿಕೊಂಡರು. ಡಾಕ್ಟರು ಅವರ ಭುಜ ತಟ್ಟಿದರು.

"ಟ್ಯೂಬ್ ಹಾಕ್ತೀವಿ ಅಂದ ತಕ್ಷಣ ಎಲ್ರೂ ಹೀಗೇ ಹೇಳೋದು. ಹೆದರ್ಬೇಡಿ. ನಾಳೆ ಮಧ್ಯಾಹ್ನ ಬಾಯಿಂದ ಇಳಿಸಿ ನೋಡೋಣ."

"ಟ್ಯೂಬಾ? ಯಾರು ಹೇಳಿದ್ರು?"

"ನಾನೇ. ಈಗ."

ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ ಡಾಕ್ಟರು ವಾರ್ಡಿಗೆ ಬರುವ ಹೊತ್ತಿಗೆ ಅತ್ತೆ ಮಗನ ಹಾಸಿಗೆಯ ಕಾಲದೆಸೆಯಲ್ಲಿ ಸ್ಟೂಲ್ ಹಾಕಿಕೊಂಡು ಕೂತಿದ್ದರು. ನಾವು ಯಾರೂ ಕರೆದಿರಲಿಲ್ಲ. ನನ್ನನ್ನು ಎಬ್ಬಿಸಿ, ಕೈ ಹಿಡಿದು ಕರೆದುಕೊಂಡು ಹೋಗು ಎಂದು ಹಟ ಮಾಡಿ ಬಂದಿದ್ದರು.

"ಡಾಕ್ಟ್ರಪ್ಪ, ಇವನು ಸುಳ್ಳು ಹೇಳ್ತಿದಾನೋ ನಿಜ ಹೇಳ್ತಿದಾನೋ ತಿಳ್ಕೋಬೇಕು ತಾನೆ? ಅದಕ್ಕೆ ಟ್ಯೂಬ್ ಯಾಕೆ? ಸುಳ್ಳು ಹೇಳಿದ್ರೆ ಇವನ ಬಲಗಾಲಿನ ಹೆಬ್ಬೆರಳು ಮೇಲೇಳುತ್ತೆ. ಹುಟ್ಟಿದಾಗಿಂದ ಹಂಗೇ. ನಂಗೆ ಕಣ್ಣು ಕಾಣಲ್ಲ, ಬೆರಳು ಹಿಡ್ಕೊಂಡಿರ್ತೀನಿ. ನೀವು ಕೇಳಿ."

ಡಾಕ್ಟರಿಗೆ ಅದು ವಿಜ್ಞಾನವೆನಿಸಿತೋ, ಆಯಾಸದಲ್ಲಿ ಬೇಡವೆನ್ನುವ ಶಕ್ತಿ ಇರಲಿಲ್ಲವೋ, ಅಂತೂ ಕುರ್ಚಿ ಎಳೆದುಕೊಂಡರು. ಅತ್ತೆ ಮಗನ ಹೆಬ್ಬೆರಳನ್ನು ಮುಷ್ಟಿಯಲ್ಲಿ ಹಿಡಿದರು.

"ನಿಮ್ಮ ಕೆಲಸ ಏನು?"

"ಬೀಗ ತಪಾಸಣೆ."

"ನಿಜ," ಎಂದರು ಅತ್ತೆ.

"ಪ್ರತಿ ಬೀಗನೂ ಮೂರು ಸಲ ಹಾಕಿ ತೆಗೀತೀರಾ?"

"ಹೂಂ."

"ಸುಳ್ಳು."

ಭಾವ ತಬ್ಬಿಬ್ಬಾದರು. "ಶನಿವಾರ ಎರಡೇ ಸಲ," ಎಂದು ಗೊಣಗಿದರು. "ನಿಜ," ಎಂದರು ಅತ್ತೆ.

ಡಾಕ್ಟರು ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು. "ಹೊಟ್ಟೆನೋವು ಇತ್ತಾ?"

"ಇರ್ಲಿಲ್ಲ."

"ನಿಜ."

"ಓಡಾಡ್ತಿತ್ತಾ?"

"ಇಲ್ಲ."

"ನಿಜ."

ಅಷ್ಟರಲ್ಲಿ ಅಕ್ಕ ಮುಂದೆ ಬಂದಳು. ಇಂಥ ಅವಕಾಶ ಹೆಂಡತಿಯಾದವಳಿಗೆ ಮತ್ತೆ ಸಿಗುವುದಿಲ್ಲ. "ಒಂದೇ ಒಂದು ಪ್ರಶ್ನೆ, ಡಾಕ್ಟ್ರೇ. ರೀ, ನನ್ನ ತಮ್ಮನ ಮದುವೆಗೆ ಯಾಕೆ ತಡವಾಗಿ ಬಂದ್ರಿ?"

"ಬಸ್ಸು ಸಿಗ್ಲಿಲ್ಲ."

"ಸುಳ್ಳು," ಎಂದರು ಅತ್ತೆ, ಒಂದಿಷ್ಟೂ ದಾಕ್ಷಿಣ್ಯವಿಲ್ಲದೆ. ತಮ್ಮ ನಾನೇ. ನನಗೂ ಅನುಮಾನವಿತ್ತು.

ಆಗ ವಾರ್ಡಿನಲ್ಲೊಂದು ಸದ್ದಾಯಿತು. ನೋಡಿದರೆ, ಉಗ್ರಾಣದವರು ತಮ್ಮ ಎರಡೂ ಪಾದಗಳನ್ನು ಹೊದಿಕೆಯೊಳಗೆ ಎಳೆದುಕೊಳ್ಳುತ್ತಿದ್ದರು. ಭಾವನನ್ನೂ ವೆಲ್ಡರನನ್ನೂ ಬಿಟ್ಟು, ಸಾಲಿನ ಹನ್ನೊಂದು ಹಾಸಿಗೆಗಳಲ್ಲಿ ಒಂದು ಹೆಬ್ಬೆರಳೂ ಹೊರಗಿರಲಿಲ್ಲ. ಡಾಕ್ಟರು ಆ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ನೋಡಿದರು. ಹದಿನೆಂಟು ದಿನಗಳ ನಂತರ ಅವರಿಗೆ ತಮ್ಮ ಊರಿಗೆ ಯಾವ ಸಾಂಕ್ರಾಮಿಕವೂ ಬಂದಿಲ್ಲವೆಂದು ಅರ್ಥವಾಯಿತು. ಅವರು ನಕ್ಕ ನಗು ಅಡುಗೆಮನೆಯ ತನಕ ಕೇಳಿತು.

ಹತ್ತೂಮುಕ್ಕಾಲಿಗೆ ಅವರು ಬರೆದುಕೊಟ್ಟ ಕಾಗದ ಹಿಡಿದು ನಾನು ಕೌಂಟರಿಗೆ ಓಡಿದೆ. ಮೇಡಂ ಗಡಿಯಾರ ನೋಡಿ, ಕಾಗದ ನೋಡಿ, ಹಳೆಯ ಮೊಹರಿನ ಮೇಲೆ ಅಡ್ಡಗೆರೆ ಎಳೆದರು. ಆಮೇಲೆ ಆ ಕಾಗದದ ನಕಲನ್ನು ದಪ್ಪಕ್ಷರದಲ್ಲಿ ಬರೆಸಿ, ಡಾಕ್ಟರ ಸಹಿ ಹಾಕಿಸಿ, ಮೊಹರು ಒತ್ತಿ ಮುಂಬಾಗಿಲಿಗೆ ಅಂಟಿಸಿದರು. ಭಾವನ ಮೂರು ದಿನದ ರಜೆಯೂ ಸಂಬಳವಿಲ್ಲದ್ದಾಯಿತು.

ಮುಂದಿನ ಮೂರು ದಿನ ಬಾಗಿಲ ಮುಂದೆ ಜಾತ್ರೆಯಷ್ಟು ಜನ. ಭಾವ ಗೇಟಿನಿಂದ ಹೊರಗೆ ಬರುವಾಗಲೆಲ್ಲ ಯಾರಾದರೂ ಒಬ್ಬರು, "ಪಂಡಿತ್ರೇ, ಈ ಸುತ್ತೋಲೆಗೆ ಅರ್ಥ ಹೇಳಿ," ಎನ್ನುವರು. ನನ್ನ ಅಂಗಡಿಯ ಮುಂದೆ ಹಾಯುವಾಗ ಅವರ ಮುಖ ಬಾಡಿರುತ್ತಿತ್ತು. ಆದರೂ ತಲೆ ತಗ್ಗಿಸಿದ್ದನ್ನು ನಾನು ಕಾಣಲಿಲ್ಲ. ನಿಜ ಹೇಳಬೇಕೆಂದರೆ, ಭಾವನ ಬಗ್ಗೆ ನನಗೆ ಗೌರವ ಹುಟ್ಟಿದ್ದು ಆಗಲೇ.

ಇಪ್ಪತ್ತೊಂಬತ್ತರಂದು ಅತ್ತೆಯ ಪೂರ್ತಿ ಮುಚ್ಚಿದ್ದ ಕಣ್ಣಿನ ಪೊರೆ ತೆಗೆದರು. ಮರುದಿನ ಪಟ್ಟಿ ಬಿಚ್ಚಿದಾಗ ಅವರು ಮೊದಲು ನರ್ಸಮ್ಮನ ಕಾಲರ್ ನೋಡಿ, "ಹೊಲಿಗೆ ಸೊಟ್ಟಗಿದೆ," ಎಂದರು. ನಮಗೆಲ್ಲ ಹೋದ ಜೀವ ಬಂದಂತಾಯಿತು.

ಹೊರಡುವಾಗ ಭಾವ, "ಹಿಂದಿನ ಬಾಗಿಲಿಂದ ಹೋಗೋಣಮ್ಮ, ಹತ್ತಿರ," ಎಂದರು. ಅತ್ತೆ ಆಗಲೇ ಮುಂಬಾಗಿಲಿನ ಕಡೆ ನಡೆದಿದ್ದರು. ಕಂಡದ್ದನ್ನೆಲ್ಲ ಓದುವ ಹುಮ್ಮಸ್ಸು. 'ಉಗುಳಬಾರದು' ಓದಿದರು. 'ಎಳೆಯಿರಿ' ಓದಿದರು. ಆಮೇಲೆ ಆ ಕಾಗದದ ಮುಂದೆ ನಿಂತರು. ಸುತ್ತ ಇಪ್ಪತ್ತು ಜನ. ಭಾವ ಕಂಬದ ಮರೆಗೆ ಸರಿದರು.

ಅತ್ತೆ ಒಂದೊಂದೇ ಅಕ್ಷರ ಕೂಡಿಸಿ, ಗಟ್ಟಿಯಾಗಿ ಓದಿದರು. "ತಪಾಸಣೆ ವಿಭಾಗದ ನೌಕರರು... ಹೊಟ್ಟೆನೋವೆಂದು ಸುಳ್ಳು ಹೇಳಿ... ದಾಖಲಾಗಿದ್ದು... ಪರೀಕ್ಷಿಸಲಾಗಿ, ಇವರಿಗೆ ಯಾವ ರೋಗವೂ ಇರುವುದಿಲ್ಲ."

ಕೊನೆಯ ಸಾಲಿಗೆ ಬಂದು ನಿಂತರು. ಅದನ್ನೇ ಇನ್ನೊಮ್ಮೆ ಓದಿದರು. ಬೆರಳಿಟ್ಟು ಮೂರನೆಯ ಸಲ ಓದಿದರು. ನಗಲು ಬಾಯಿ ತೆರೆದಿದ್ದವರು ಹಾಗೇ ಮುಚ್ಚಿಕೊಂಡರು.

"ಡಾಕ್ಟ್ರು ಸಹಿ ಹಾಕಿದಾರಲ್ಲ!" ಎಂದರು ಅತ್ತೆ. "ನನ್ನ ಮಗನಿಗೆ ಯಾವ ರೋಗನೂ ಇಲ್ಲ ಅಂತ ದೊಡ್ಡ ಡಾಕ್ಟ್ರೇ ಬರೆದು, ಮೊಹರು ಒತ್ತಿ ಅಂಟಿಸಿದಾರೆ. ಹೆತ್ತೋಳಿಗೆ ಇದಕ್ಕಿಂತ ಏನು ಬೇಕು? ಇದನ್ನ ಬಿಡಿಸಿ ಕೊಡಿಯಮ್ಮ, ಮನೇಲಿ ಇಟ್ಕೋತೀನಿ."

"ಏಳು ದಿನ ಆಗ್ಬೇಕಲ್ಲಮ್ಮ," ಎಂದರು ಕೌಂಟರಿನ ಮೇಡಂ, ಕಣ್ಣು ಒರೆಸಿಕೊಳ್ಳುತ್ತ.

"ಆಗ್ಲಿ. ಆಮೇಲೆ ಬರ್ತೀನಿ."

ಒಂದನೆಯ ತಾರೀಖು ಬಂತು. ಆಸ್ಪತ್ರೆ ಭಣಗುಟ್ಟಿತು. ದೊಡ್ಡ ಡಾಕ್ಟರು ಮೇಜಿನ ಮೇಲೆ ತಲೆಯಿಟ್ಟು ಮಲಗಿದರು, ಕಾರ್ಖಾನೆಯಲ್ಲಿ ಎಲ್ಲರಿಗೂ ಒಮ್ಮೆಲೇ ಗುಣವಾಯಿತು. ಕಾಗದ ಅಂಟಿಸಿದ ಎಂಟನೆಯ ದಿನ ಬೆಳಿಗ್ಗೆ ನಾನು ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತಿದ್ದೆ. ಮಡಿಸಿದ ಒಂದು ದೊಡ್ಡ ಕಾಗದವನ್ನು ಎದೆಗೆ ಒತ್ತಿಕೊಂಡು ಅತ್ತೆ ಆಸ್ಪತ್ರೆಯ ಕಡೆಯಿಂದ ಬರುತ್ತಿದ್ದರು. ರಸ್ತೆಯ ಎರಡೂ ಬದಿ ನೋಡಿ, ಒಂದು ಲಾರಿಗೆ ದಾರಿ ಬಿಟ್ಟು, ಯಾರ ಕೈಯನ್ನೂ ಹಿಡಿಯದೆ ದಾಟಿ ಬಂದರು.